ರೆಕ್ಕೆಯ ನಡುಕ

ಡಿಸೆಂಬರ್ 29, ಭಾನುವಾರ. ಸಿಂಧನೂರು, ಸಂಜೆ

ಬಲರೆಕ್ಕೆಯ ವೈರು ಪೂರ್ತಿ ಹೊರಗೆಳೆದೆ. ಅಪ್ಪನ ಅಕ್ಕಿ ಮಿಲ್ಲಿನ ಹಿಂದಿನ ಗೋದಾಮು, ಅದೇ ಉದ್ದ ಮೇಜು, ಅದೇ ತೌಡಿನ ವಾಸನೆ. ಕೆಂಪು, ಕಪ್ಪು, ಬಿಳಿ — ಮೂರೂ ಎಳೆಗಳನ್ನು ಬೆರಳಲ್ಲಿ ಸವರುತ್ತ ಬಂದೆ. ಎಲ್ಲೂ ಸುಲಿದಿಲ್ಲ. ಎಲ್ಲೂ ಸುಟ್ಟಿಲ್ಲ. ಕಟ್ಟಿಗೆಗೆ ಉಜ್ಜುವ ಕಡೆ ಹಾಕಿದ್ದ ರಬ್ಬರ್ ಬಳೆ ಕೂಡ ಜಾಗದಲ್ಲೇ ಇದೆ.

ಬೆಳಿಗ್ಗೆ ಪಾಮನಕಲ್ಲೂರಿನ ಕೆಂಪು ಮಸಾರಿ ಹೊಲದಲ್ಲಿ ಆದದ್ದು ಇನ್ನೂ ಕಣ್ಣ ಮುಂದಿದೆ. ಅಪ್ಪ ತಮ್ಮ ರಿಮೋಟ್ ವಿಮಾನ ಇಳಿಸಲು ತರುತ್ತಿದ್ದರು. ಗಾಳಿ ಇರಲಿಲ್ಲ. ನೇರ ಬರುತ್ತಿತ್ತು. ಒಮ್ಮೆಲೇ ಬಲಕ್ಕೆ ವಾಲಿತು. ಸಾವರಿಸಿದರು. ರೆಕ್ಕೆಯ ತುದಿ ನೆಲಕ್ಕೆ ತಾಗಲಿಲ್ಲ, ಅಷ್ಟೇ.

"ನಾ ಏನೂ ಮಾಡಿಲ್ಲ. ತಾನ ಜೋಲಿ ಹೊಡೀತು. ಸರ್ವೋ ವೈರ್ ನೋಡು ಶೈಲಾ" ಎಂದರು ಅಪ್ಪ.

ಜುಲ್ಫಿಕರ್ ಕಾಕಾ ಹೈಸ್ಕೂಲಿನ ಗಣಿತ ಮಾಸ್ತರು. ಅಪ್ಪನ ಜೊತೆ ಹೊಲಕ್ಕೆ ಬರುವುದು ನಾನು ಲಂಗ ತೊಡುವ ಕಾಲದಿಂದ. ಅವರೂ ಅದನ್ನೇ ಅಂದರು. "ಸಾವ್ಕಾರ್ರ ಕೈ ತಪ್ಪಂಗಿಲ್ಲವಾ. ಒಳಗ ಏನೋ ಸಡ್ಲಾಗೇತಿ."

ಇರಬೇಕು. ಸರ್ವೋ ಅಂದರೆ ಬೆಂಕಿಪೊಟ್ಟಣದಷ್ಟು ಮೋಟಾರು. ರೆಕ್ಕೆಯ ಹಿಂದಂಚಿನ ಪಟ್ಟಿಯನ್ನು ಅದೇ ಮೇಲೆ ಕೆಳಗೆ ಆಡಿಸುವುದು. ಅದಕ್ಕೆ ಹೋಗುವ ವೈರು ಒಂದು ಕ್ಷಣ ಬಿಟ್ಟು ಹಿಡಿದರೂ ಸಾಕು. ಹನ್ನೊಂದು ಕೆಜಿ ತೂಕದ ವಿಮಾನ, ಪೆಟ್ರೋಲ್ ಎಂಜಿನ್, ಮುಂದೆ ಕಟ್ಟಿಗೆಯ ಪ್ರೊಪೆಲ್ಲರ್. ಜನರ ನಡುವೆ ಬಿದ್ದರೆ ಅದನ್ನು ಯಾರೂ ಆಟದ ಸಾಮಾನು ಅನ್ನುವುದಿಲ್ಲ.

ಜನವರಿ 25ಕ್ಕೆ ನಾನು ಪಾಠ ಮಾಡುವ ಕಾಲೇಜಿನ ಬೆಳ್ಳಿಹಬ್ಬ. ಲಿಂಗಸುಗೂರಿನ ಮೈದಾನದ ಮೇಲೆ ಇದೇ ವಿಮಾನ ಹಾರಬೇಕು. ಪ್ರಿನ್ಸಿಪಾಲರನ್ನು ಒಪ್ಪಿಸಿದವಳು ನಾನೇ. ಎಲೆಕ್ಟ್ರಾನಿಕ್ಸ್ ಮೇಡಂ ಅವರ ಅಪ್ಪನ ವಿಮಾನ ಅಂತ ಹುಡುಗರು ಈಗಲೇ ಮಾತಾಡುತ್ತಿದ್ದಾರೆ.


ಜನವರಿ 1. ಮಸ್ಕಿ

ಸಿಕ್ಕಿತು!!

ರೆಕ್ಕೆಗಳನ್ನು ಬಿಚ್ಚಿ ಇಲ್ಲಿ ಮನೆಗೆ ತಂದಿದ್ದೆ. ರೆಕ್ಕೆ ವಿಮಾನದ ಮೈಗೆ ಕೂಡುವಲ್ಲಿ ಒಂದು ಕನೆಕ್ಟರ್ ಇದೆ. ಮೆಲ್ಲಗೆ ಎಳೆದೆ, ಕಪ್ಪು ವೈರಿನ ಹಿಡಿತ ಸಡಿಲ. ಕಣ್ಣಿಗೆ ಸರಿ ಕಾಣುತ್ತದೆ. ಎಂಜಿನ್ ಅದುರುವಾಗ ಬಿಟ್ಟು ಹಿಡಿಯುತ್ತಿದ್ದಿರಬೇಕು.

ಅಪ್ಪನಿಗೆ ಫೋನ್ ಮಾಡಿದೆ. ಆಚೆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು.

"ಹೌದಾ? ಖರೇನ? ಅಲ್ಲೇ ಇತ್ತಾ?"

"ಅಲ್ಲೇ ಇತ್ತಪ್ಪಾ."

"ನಾ ಹೇಳಿದ್ದಿಲ್ಲ? ವೈರಿಂದ ಅಂತ ಹೇಳಿದ್ದಿಲ್ಲ?"

ಎಷ್ಟು ಖುಷಿ ಅವರಿಗೆ. ಪರೀಕ್ಷೆ ಪಾಸಾದ ಹುಡುಗನ ಹಾಗೆ.

ಎರಡೂ ರೆಕ್ಕೆಗೆ ದಪ್ಪ ವೈರು ಹೊಸದಾಗಿ ಎಳೆದೆ. ಬೆಸುಗೆ ಹಾಕಲಿಲ್ಲ — ಬೆಸುಗೆ ಹಾಕಿದ ಕಡೆ ವೈರು ಬಿರುಸಾಗಿ, ಅದುರಿ ಅದುರಿ ಅಲ್ಲೇ ಮುರಿಯುತ್ತದೆ. ಪಿನ್ನುಗಳನ್ನು ಒತ್ತಿ ಕೂಡಿಸಿದೆ. ಮೇಲೊಂದು ಕ್ಲಿಪ್ಪು. ಆ ಕನೆಕ್ಟರ್ ಬಿಟ್ಟರೆ ನಡುವೆ ಬೇರೆ ಜೋಡಣೆ ಇಲ್ಲ. ಒಂದು ಸರ್ವೋಗೆ ಒಂದೇ ವೈರು, ನೇರ ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್‌ಗೆ. ಒಂದು ಹೋದರೂ ಇನ್ನೊಂದನ್ನು ಜೊತೆಗೆ ಎಳೆದುಕೊಂಡು ಹೋಗಬಾರದು.

ನಮ್ಮ ಮನೆಯವರು ಪಂಪಾಪತಿ ಅಂಗಡಿಯಿಂದ ಬಂದು ಊಟದ ಮೇಜಿನ ಮೇಲಿನ ರೆಕ್ಕೆ ನೋಡಿ ನಕ್ಕರು. "ಇವತ್ತ ನಾವು ಎಲ್ಲಿ ಉಣ್ಣೂದು?"

ನೆಲದ ಮೇಲೆ ಉಂಡೆವು.


ಜನವರಿ 5, ಭಾನುವಾರ

ಮತ್ತೆ ಆಯಿತು.

ಎತ್ತರದಲ್ಲಿ ಚೆನ್ನಾಗಿತ್ತು. ಗಿರಕಿ ಹೊಡೆಸಿದರು, ಅಂಗಾತ ಹಾರಿಸಿದರು, ನೆಟ್ಟಗೆ ಮೇಲಕ್ಕೆ ಎಬ್ಬಿಸಿ ಕೆಳಗೆ ಬಿಟ್ಟರು. ಒಂದು ಕೊಸರೂ ಇಲ್ಲ. ಆಮೇಲೆ ನಮ್ಮ ಮುಂದೆ ತಗ್ಗಿನಲ್ಲಿ ನೇರ ತಂದರು. ರೆಕ್ಕೆ ಸಣ್ಣಗೆ ಗಡಗಡ ಅಂದಿತು. ಚಳಿ ಹತ್ತಿದವರ ಹಾಗೆ. ಜುಲ್ಫಿಕರ್ ಕಾಕಾ ಎರಡು ಹೆಜ್ಜೆ ಹಿಂದಕ್ಕೆ ಸರಿದದ್ದು ನೋಡಿದೆ. ಅವರು ಹಾಗೆ ಸರಿದದ್ದು ನಾನು ಎಂದೂ ನೋಡಿಲ್ಲ.

ಇಳಿಸಿದ ಮೇಲೆ ಅಪ್ಪ ರೇಗಿದರು. ಎಲ್ಲರೆದುರಿಗೆ. ಹೊಲ ಕಾಯುವ ಗ್ಯಾನಪ್ಪನೂ ಇದ್ದ.

"ಏನ್ ನೋಡಿದಿ ನೀ? ಸಿಕ್ಕೈತಿ ಅಂದಿ! ಇದ ಏನ ಸಿಕ್ಕಿದ್ದು?"

ಸ್ಕೂಲಲ್ಲಿದ್ದಾಗಿಂದ ಅಪ್ಪನ ವಿಮಾನದ ವೈರಿಂಗ್ ನನ್ನದೇ. ಅಪ್ಪ ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. "ನನ್ನ ಮಗಳು ಮಾಡೇಳ" ಎಂದು ಬೆಂಗಳೂರಿನಿಂದ ವಿಮಾನ ಹಾರಿಸಲು ಬಂದವರ ಮುಂದೆಯೂ ಹೇಳಿಕೊಂಡವರು.

ಒಂದು ಮಾತು ಮಾತ್ರ ಕೂಡುತ್ತಿಲ್ಲ. ಗಿರಕಿ ಹೊಡೆಯುವಾಗ ಸರ್ವೋಗಳು ಹೆಚ್ಚು ಕರೆಂಟು ಎಳೆಯುತ್ತವೆ. ವೈರು ದುರ್ಬಲವಿದ್ದರೆ ಆಗ ಕೈ ಕೊಡಬೇಕು. ನೇರ ಹಾರುವಾಗ ಅವು ಸುಮ್ಮನೆ ಕೂತಿರುತ್ತವೆ. ಸುಮ್ಮನೆ ಕೂತಾಗ ಯಾಕೆ ನಡುಗಬೇಕು?


ಜನವರಿ 8. ಲಿಂಗಸುಗೂರು, ಲ್ಯಾಬ್

ಮಧ್ಯಾಹ್ನ ಕ್ಲಾಸಿಲ್ಲ. ಬಲರೆಕ್ಕೆ ಬೆಂಚಿನ ಮೇಲೆ. ಪಟ್ಟಿಗೆ ಕಬ್ಬಿಣದ ತೂಕ ಕಟ್ಟಿ ಸರ್ವೋ ಎತ್ತುವಂತೆ ಮಾಡಿದೆ. ಬ್ಯಾಟರಿಯ ಬಳಿ ಎಷ್ಟು ವೋಲ್ಟೇಜು, ರೆಕ್ಕೆಯ ತುದಿಯಲ್ಲೂ ಹೆಚ್ಚುಕಮ್ಮಿ ಅಷ್ಟೇ. ಹೊಸ ವೈರು ಗಟ್ಟಿ.

ಆದರೂ ಎರಡನೇ ಬ್ಯಾಟರಿ, ಎರಡನೇ ಸ್ವಿಚ್ಚು ಹಾಕಲು ನಿರ್ಧರಿಸಿದೆ. ಒಂದು ಸತ್ತರೆ ಇನ್ನೊಂದು. ಎಂಜಿನ್ನಿನ ಕಿಡಿ ವೈರು ಸಿಗ್ನಲ್ ಕೆಡಿಸಬಾರದು, ಅದನ್ನು ರಿಸೀವರ್‌ನಿಂದ ಇನ್ನೂ ದೂರ ಒಯ್ಯಬೇಕು.

ಕಿಟಕಿಯಿಂದ ಮೈದಾನ ಕಾಣುತ್ತದೆ. ಸುಣ್ಣದ ಗೆರೆ ಹಾಕಿಸುತ್ತಿದ್ದಾರೆ. ಮಕ್ಕಳು ಕೂರುವ ಜಾಗ. ಐದು ಶಾಲೆಯವರು ಬರುತ್ತಾರಂತೆ. ಗೆರೆ ನನಗೆ ತೀರ ಹತ್ತಿರ ಅನ್ನಿಸಿತು. ಹೋಗಿ ಹೇಳಿದೆ. ಪ್ರಿನ್ಸಿಪಾಲರು, "ಹಿಂದ ಸರಿಸಿದ್ರ ಮಕ್ಕಳಿಗೆ ಏನ್ ಕಾಣ್ತದ ಮೇಡಂ?" ಎಂದರು.


ಜನವರಿ 11. ಸಿಂಧನೂರು

ವಿಮಾನದ ಬಾಲಕ್ಕೆ ಹಗ್ಗ ಹಾಕಿ ಟ್ರ್ಯಾಕ್ಟರಿಗೆ ಬಿಗಿದೆವು. ಎಂಜಿನ್ ಚಾಲೂ. ಮಿಲ್ಲಿನ ಅಂಗಳ ತುಂಬ ಹೊಟ್ಟು ಎದ್ದಿತು. ಅಪ್ಪ ಹಿಂದೆ ನಿಂತು ರಿಮೋಟ್ ಹಿಡಿದಿದ್ದರು. ನಾನು ಬಲರೆಕ್ಕೆಯ ಪಟ್ಟಿಯ ಮೇಲೆ ಬೆರಳಿಟ್ಟು ಕೂತೆ. ಜುಲ್ಫಿಕರ್ ಕಾಕಾ ಎಡಕ್ಕೆ.

ಮೊದಲು ಏನೂ ಇಲ್ಲ. ಆಮೇಲೆ ಬೆರಳಿನ ಕೆಳಗೆ ಬಂತು. ತಟತಟತಟ. ಒಂದು ಹುಳ ಒಳಗಿಂದ ಬಡಿದ ಹಾಗೆ.

"ಬಂತು!" ಎಂದು ಕೂಗಿದೆ.

"ಇಲ್ಲೂ ಬಂತು!" ಎಂದರು ಕಾಕಾ.

ಎರಡೂ ಕಡೆ ಒಟ್ಟಿಗೆ. ಅಂದರೆ ರೆಕ್ಕೆಯ ವೈರಲ್ಲ. ಎರಡು ಬೇರೆ ಬೇರೆ ವೈರು ಒಂದೇ ಕ್ಷಣಕ್ಕೆ, ಒಂದೇ ತಾಳಕ್ಕೆ ಕೆಡುವುದಿಲ್ಲ. ಇಷ್ಟು ದಿನ ತಪ್ಪು ಜಾಗದಲ್ಲಿ ಹುಡುಕಿದ್ದೇನೆ. ತೊಂದರೆ ರಿಸೀವರ್‌ನಲ್ಲಿರಬೇಕು. ಇಲ್ಲವೇ ರಿಮೋಟ್‌ನಲ್ಲಿ.

ಅಪ್ಪ ತಕ್ಷಣ, "ರಿಮೋಟ್ ಹಳೇದಾಗೇತಿ ಬಿಡು" ಎಂದರು.

ರಿಸೀವರ್ ಬದಲಿಸಿದೆ. ರಿಮೋಟ್ ಮಸ್ಕಿಗೆ ತಂದಿದ್ದೇನೆ.


ಜನವರಿ 13. ಲಿಂಗಸುಗೂರು

ರಿಮೋಟ್ ಬಿಚ್ಚಿದೆ. ಬಲಗಡೆಯ ಕಡ್ಡಿ, ಹೆಬ್ಬೆರಳಿಟ್ಟು ಆಡಿಸುವಂಥದ್ದು, ಸ್ವಚ್ಛ ಇದೆ. ಸ್ಪ್ರಿಂಗ್ ಸರಿ ಇದೆ. ಒಂದು ಸರ್ವೋ ಜೋಡಿಸಿ ಬೆಂಚಿನ ಮೇಲೆ ಹಾಗೇ ಬಿಟ್ಟು ಕ್ಲಾಸಿಗೆ ಹೋದೆ. ಅಟೆಂಡರ್ ಗಂಗಾದೇವಿಗೆ ನೋಡುತ್ತಿರು ಎಂದೆ. ಬಂದು ಕೇಳಿದರೆ, "ಅದು ಮಿಸುಕಾಡಿಲ್ರೀ ಮೇಡಂ. ನಾನ ಬ್ಯಾಸತ್ತು ಕುಂತೆ" ಎಂದಳು.

ನಾನು ಹಿಡಿದು ನೋಡಿದೆ. ಇಲ್ಲ. ಅಲುಗಾಡಿಸಿದೆ, ಬಡಿದೆ. ಇಲ್ಲ.

ವೈರು ಸರಿ. ಬ್ಯಾಟರಿ ಸರಿ. ರಿಸೀವರ್ ಹೊಸದು. ರಿಮೋಟ್ ಸರಿ. ಇನ್ನೇನು ಉಳಿಯಿತು?

ನಾಳೆ ಸಂಕ್ರಾಂತಿ. ಸಿಂಧನೂರಿಗೆ ಹೋಗಬೇಕು.


ಜನವರಿ 14

ಊಟ ಆಗಿತ್ತು. ಪಡಸಾಲೆಯಲ್ಲಿ ವಿಮಾನ ಇಟ್ಟು ಆನ್ ಮಾಡಿದ್ದೆವು. ಅಪ್ಪ ಕುರ್ಚಿಯಲ್ಲಿ ಕೂತು ಗೊರೇಬಾಳದಿಂದ ಬಂದ ಬೀಗರ ಜೊತೆ ಭತ್ತದ ಮಾತಾಡುತ್ತಿದ್ದರು. ತೊಡೆಯ ಮೇಲೆ ರಿಮೋಟ್. ಬಲ ಹೆಬ್ಬೆರಳು ಸುಮ್ಮನೆ ಕಡ್ಡಿಯ ಮೇಲೆ.

ರೆಕ್ಕೆ ನಡುಗಿತು.

ಈ ಸಲ ರೆಕ್ಕೆ ನೋಡಲಿಲ್ಲ. ಯಾಕೋ ಅಪ್ಪನ ಕೈ ನೋಡಿದೆ.

ಹೆಬ್ಬೆರಳು.

ಅವರೂ ನನ್ನನ್ನು ನೋಡಿದರು. ಮಾತು ನಿಲ್ಲಿಸಲಿಲ್ಲ. ರಿಮೋಟ್ ಪಕ್ಕಕ್ಕಿಟ್ಟು ಕೈಯನ್ನು ಜುಬ್ಬದ ಜೇಬಿಗೆ ಹಾಕಿಕೊಂಡರು.

ಎರಡೂ ರೆಕ್ಕೆ ಬಿಚ್ಚಿ ಗಾಡಿಯಲ್ಲಿಟ್ಟು ಮಸ್ಕಿಗೆ ತಂದೆ. ಇನ್ನೊಮ್ಮೆ ನೋಡುತ್ತೇನೆ ಎಂದೆ. ಏನು ನೋಡುವುದು.


ಜನವರಿ 18

ಬರೆಯಲಾಗಲಿಲ್ಲ ಇಷ್ಟು ದಿನ.

ಗಿರಕಿ ಹೊಡೆಸುವಾಗ ನಡುಗುವುದಿಲ್ಲ, ಯಾಕೆಂದರೆ ಆಗ ಹೆಬ್ಬೆರಳಿಗೆ ಕೆಲಸವಿರುತ್ತದೆ. ಸುಮ್ಮನಿದ್ದಾಗ ನಡುಗುತ್ತದೆ. ನೇರ ಹಾರಿಸುವಾಗ. ಇಳಿಸುವಾಗ. ಎಲ್ಲ ಕೂಡಿತು. ಕೂಡಬಾರದಿತ್ತು.

ಪಂಪಾಪತಿಗೆ ಹೇಳಿದೆ. ಅಂಗಡಿಯ ಲೆಕ್ಕದ ಪುಸ್ತಕ ಮುಚ್ಚಿಟ್ಟರು. ಆಮೇಲೆ, "ಮಾವಾರಿಗೆ ಹೇಳಬೇಕು. ನೀನ ಹೇಳಬೇಕು. ಬ್ಯಾರೆದವರು ಹೇಳಿದ್ರ ಅದು ಬೈಗಳ ಆಗತೈತಿ" ಎಂದರು.


ಜನವರಿ 19, ಭಾನುವಾರ. ಸಿಂಧನೂರು

ಮೊದಲು ಅವ್ವನ ಹತ್ತಿರ ಅಡುಗೆಮನೆಗೆ ಹೋದೆ. ರೊಟ್ಟಿ ಬಡಿಯುತ್ತಿದ್ದಳು.

"ಅವ್ವಾ, ಅಪ್ಪನ ಕೈ…"

ಬಡಿಯುವುದು ನಿಲ್ಲಿಸಲಿಲ್ಲ. "ನೋಡಿದೇನ?"

"ನಿನಗ ಗೊತ್ತಿತ್ತಾ?"

"ಅಂಗಿ ಗುಂಡಿ ನಾನ ಹಾಕಾಕತ್ತೀನಿ, ದೀಪಾವಳಿಯಿಂದ. ಚಾ ಅರ್ಧ ಲೋಟ ಹಾಕು ಅಂತಾರ. ಚೆಲ್ಲತೈತಿ ಅಂತ." ರೊಟ್ಟಿ ಹಂಚಿಗೆ ಹಾಕಿದಳು. "ಯಾರ ಮುಂದೂ ಹೇಳಬ್ಯಾಡ, ನಿನ್ನ ಮುಂದ ಅಂತೂ ಮೊದಲ ಹೇಳಬ್ಯಾಡ ಅಂದಾರ."

ಗೋದಾಮಿಗೆ ಹೋದೆ. ಅಪ್ಪ ಎಂಜಿನ್ ಒರೆಸುತ್ತಿದ್ದರು. ಎಡಗೈಯಲ್ಲಿ.

ಹೇಗೆ ಶುರು ಮಾಡಿದೆನೋ ನೆನಪಿಲ್ಲ. ಹೇಳಿದೆ. ರಾಯಚೂರಿಗೆ ಹೋಗಿ ನರದ ಡಾಕ್ಟರಿಗೆ ತೋರಿಸೋಣ ಅಂದೆ. ಇಪ್ಪತ್ತೈದಕ್ಕೆ ಹಾರಿಸುವುದು ಬೇಡ ಅಂದೆ.

ಅಪ್ಪ ಬಟ್ಟೆ ಕೆಳಗಿಟ್ಟರು.

"ಹುಡುಕಾಕ ಬರಲಿಲ್ಲಂತ ನನ್ನ ಕೈ ಮ್ಯಾಲ ಹಾಕತೀಯೇನ?"

"ಅಪ್ಪಾ, ಎರಡೂ ರೆಕ್ಕಿ ಒಟ್ಟಿಗೆ—"

"ನಿನ್ನ ಲೆಕ್ಕ ನನಗ ಹೇಳಬ್ಯಾಡ! ನಿನ್ನ ಎತ್ತಿಕೊಂಡು ಹಾರಿಸೀನಿ ನಾನು, ಒಂದ ಕೈಲೆ. ಈಗ ಬಂದು ನನಗ ಬ್ಯಾಡ ಅಂತೀ?"

"ಅಲ್ಲಿ ಮಕ್ಕಳು ಕುಂತಿರತಾರ್ರೀ ಅಪ್ಪಾ."

"ಗೊತ್ತೈತಿ ನನಗ!"

ಆ ದನಿಗೆ ಹಮಾಲರು ಬಾಗಿಲಿಗೆ ಬಂದು ನಿಂತರು. ಅಪ್ಪ ರಿಮೋಟ್ ಎತ್ತಿಕೊಂಡು ಆಫೀಸಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ತೂತಿಗೆ ಕೂಡುತ್ತಿರಲಿಲ್ಲ. ನಾನು ಸಹಾಯಕ್ಕೆ ಹೋಗಲಿಲ್ಲ. ಹೋಗಬೇಕಿತ್ತೋ ಬೇಡವೋ ಗೊತ್ತಾಗಲಿಲ್ಲ.

"ಗುರುವಾರದೊಳಗ ರೆಕ್ಕಿ ತಂದು ಕೊಡು. ವೈರಿಂಗ್ ನಾ ಬ್ಯಾರೆಯವರ ಕಡೆ ಮಾಡಿಸ್ತೀನಿ."


ಜನವರಿ 21

ಅಪ್ಪನ ಮಿಸ್ಡ್ ಕಾಲು. ಎತ್ತಲಿಲ್ಲ.

ರೆಕ್ಕೆಗಳು ಮಲಗುವ ಕೋಣೆಯಲ್ಲಿ, ಗೋಡೆಗೆ ಆನಿಸಿ. ಇವು ನನ್ನ ಹತ್ತಿರ ಇರುವವರೆಗೆ ಏನೂ ಹಾರುವುದಿಲ್ಲ. ನನ್ನ ಕೈಲಿರುವುದು ಅಷ್ಟೇ. ಅಪ್ಪನ ರೆಕ್ಕೆ ಬಚ್ಚಿಟ್ಟುಕೊಂಡು ಕೂತ ಮಗಳು…

ಕಾಲೇಜಿನಲ್ಲಿ ಬ್ಯಾನರ್ ಕಟ್ಟಿದ್ದಾರೆ. ವಿಮಾನದ ಚಿತ್ರ, ಕೆಳಗೆ ಅಪ್ಪನ ಹೆಸರು. ಪ್ರಿನ್ಸಿಪಾಲರ ಕೋಣೆಯ ಬಾಗಿಲವರೆಗೆ ಹೋದೆ. ಒಳಗೆ ಹೋಗಿ "ನಮ್ಮಪ್ಪನ ಕೈ ನಡುಗುತ್ತದೆ" ಎನ್ನಬೇಕು. ಸಹಿ ಮಾಡಿಸುವ ನೆವ ಹೇಳಿ ತಿರುಗಿ ಬಂದೆ.


ಜನವರಿ 22

ಮತ್ತೆ ಅಪ್ಪನ ಫೋನು. ಮತ್ತೆ ಎತ್ತಲಿಲ್ಲ. ಜುಲ್ಫಿಕರ್ ಕಾಕಾ ಮಾಡಿದರು, ಎತ್ತಿದೆ.

"ಸಾವ್ಕಾರ್ರು ಊಟ ಮಾಡಾಕತ್ತಿಲ್ಲಂತ. ಏನಾಗೇತಿ ನಿಮ್ಮಿಬ್ಬರ ನಡುವ?"

"ಕಾಕಾ, ನೀವು ಅವತ್ತ ಹಿಂದಕ್ಕ ಸರದ್ರಿ. ಹೊಲದಾಗ."

"ಸರದೆ" ಎಂದರು. ಅಷ್ಟೇ ಹೇಳಿ ಇಟ್ಟರು.


ಜನವರಿ 23, ಗುರುವಾರ. ಮಸ್ಕಿ

ಅಪ್ಪ ಬಂದಿದ್ದರು. ಬಸ್ಸಿನಲ್ಲಿ! ಎಂದೂ ಬಸ್ಸು ಹತ್ತಿದವರಲ್ಲ. ಕಾರು ಓಡಿಸುವುದನ್ನು ಬಿಟ್ಟಿದ್ದಾರೆ ಅಂತ ಆಗ ಹೊಳೆಯಿತು.

ಕಾಲೇಜಿನಿಂದ ಬಂದಾಗ ಮಲಗುವ ಕೋಣೆಯಲ್ಲಿದ್ದರು. ಎಡರೆಕ್ಕೆಯನ್ನು ಮಂಚದ ಮೇಲೆ ಮಲಗಿಸಿ, ಪಕ್ಕದಲ್ಲಿ ಕೂತು, ವೈರು ಹೋಗುವ ತೂತಿನೊಳಗೆ ನೋಡುತ್ತಿದ್ದರು. ಜಗಳಕ್ಕೆ ಬಂದಿದ್ದಾರೆ ಅಂದುಕೊಂಡೆ. ಬ್ಯಾಗೂ ಇಳಿಸದೆ ಬಾಗಿಲಲ್ಲೇ ನಿಂತೆ.

"ಕೆಲಸ ಚಂದ ಮಾಡೀ" ಎಂದರು. ತಿರುಗಿ ನೋಡದೆ.

ನೀರು ತಂದುಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡರು. ಚೆಲ್ಲಿತು. ಒರೆಸಿಕೊಳ್ಳಲಿಲ್ಲ.

"ನನಗ ಗೊತ್ತಿತ್ತವಾ. ಮೊದಲನೇ ಸಲಾನ ಗೊತ್ತಿತ್ತು."

"ಮತ್ತ ಯಾಕಪ್ಪಾ… ಇಷ್ಟ ದಿನ ನನ್ನ ಕಡೆ ಎಲ್ಲಾ ಬಿಚ್ಚಿಸಿದ್ರಿ?"

"ವೈರಿಂದ ಇರಲಿ ಅಂತ. ನೀ ಕನೆಕ್ಟರ್ ಸಿಕ್ಕಿತು ಅಂದ ದಿನ ನಾ ನಂಬಿದೆ. ಖರೇನ ನಂಬಿದೆ. ಆ ರಾತ್ರಿ ಕೈ ನಡಗಲೇ ಇಲ್ಲ ಅನ್ನಿಸ್ತು. ಮತ್ತ ರಿಮೋಟ್ ಅಂತ ನಂಬಿದೆ. ನೀ ಹುಡುಕೂ ತನಕ ನನಗೇನೂ ಆಗಿಲ್ಲ ಅಂತ." ರೆಕ್ಕೆಯ ಪಟ್ಟಿ ಸವರಿದರು. "ನೀ ಹುಡುಕೂದು ನಿಲ್ಲಿಸಿದಿ. ಅದಕ್ಕ ಸಿಟ್ಟು ಬಂತು."

ಖಾಲಿ ಲೋಟ ಎತ್ತಿ ಕಿಟಕಿಯಲ್ಲಿಟ್ಟೆ. ಅವರೆದುರು ಅಳುವುದು ಅವರಿಗೆ ಸರಿ ಬರುವುದಿಲ್ಲ.

"ನೀ ಹಾರಿಸು" ಎಂದರು.

"ನಾನಾ? ಸಣ್ಣ ವಿಮಾನ ಅಷ್ಟ ಹಾರಿಸೀನ್ರೀ. ಇದನ್ನ ಎಂದೂ ಮುಟ್ಟಿಲ್ಲ."

"ಅದರ ಒಳಗ ಏನ್ ಉಳದೈತಿ ನೀ ಮುಟ್ಟಲಾರದ್ದು? ನಾಳೆ ರಜಾ ಹಾಕು."


ಜನವರಿ 24, ಶುಕ್ರವಾರ. ಪಾಮನಕಲ್ಲೂರು, ಹೊಲದಲ್ಲೇ

ಬರೆಯುತ್ತ ಕೂತರೆ ಉಸಿರು ತಾನೇ ಸರಿ ಹೋಗಬಹುದು.

ಎಬ್ಬಿಸಿದ್ದು ಸುಲಭ ಆಯಿತು. ಅಪ್ಪ ನನ್ನ ಬೆನ್ನ ಹಿಂದೆ. "ಅವಸರ ಬ್ಯಾಡ. ತಾ ಹಾರತೈತಿ, ನೀ ಬರೇ ಅಡ್ಡ ಬರಬ್ಯಾಡ." ಎರಡು ಸುತ್ತು ಹಾಕಿದೆ. ನಮ್ಮ ಮುಂದೆ ನೇರ ತಂದೆ. ರೆಕ್ಕೆ ನಡುಗಲಿಲ್ಲ. ಒಂದು ಚೂರೂ ಇಲ್ಲ. ಅಪ್ಪನಿಗೆ ಹೇಗಾಗಿರಬೇಕು ಅಂತ ಯೋಚಿಸುವಷ್ಟರಲ್ಲಿ…

ಎಡಕ್ಕೆ ತಿರುಗಿಸಿದೆ. ಕಡ್ಡಿ ನಡುವಿಗೆ ತಂದೆ. ವಿಮಾನ ತಿರುಗುತ್ತಲೇ ಇತ್ತು. ಬಲಕ್ಕೆ ಒತ್ತಿದೆ. ಅರೆಮನಸ್ಸಿನಿಂದ ಬಂದ ಹಾಗೆ ಸ್ವಲ್ಪ ಎದ್ದು ಮತ್ತೆ ಎಡಕ್ಕೇ ವಾಲಿತು.

"ಅಪ್ಪಾ, ಕೇಳವಲ್ದು!"

"ಏನ್ ಕೇಳವಲ್ದು? ಎಡ ರೆಕ್ಕಿ ಪಟ್ಟಿ ಕಾಣತೈತೇನ?"

"ಎಡಗಡೆದು ಸತ್ತೈತಿ! ಮ್ಯಾಲೆದ್ದು ನಿಂತೈತಿ!"

"ಬಲಗಡೆದು ಜೀವಂತ ಐತಿ. ಅದಕ್ಕ ಒತ್ತಿ ಹಿಡಿ. ಬಿಡಬ್ಯಾಡ. ಎಡಗೈಲೆ ಬಾಲ ತಿರುವು. ಬಲಕ್ಕ. ಸಾವಕಾಶ. ಎಂಜಿನ್ ಇಳಸಬ್ಯಾಡ ಈಗ."

"ಬೀಳತೈತ್ರೀ! ನೀವ ತೊಗೊಳ್ರಿ!"

ರಿಮೋಟ್ ಹಿಂದಕ್ಕೆ ಚಾಚಿದೆನಂತೆ. ನನಗೆ ನೆನಪಿಲ್ಲ, ಜುಲ್ಫಿಕರ್ ಕಾಕಾ ಹೇಳಿದ್ದು. ಅಪ್ಪ ತೆಗೆದುಕೊಳ್ಳಲಿಲ್ಲ. ನನ್ನ ಎರಡೂ ಭುಜ ಹಿಡಿದರು. ಅವರ ಬಲಗೈ ನನ್ನ ಭುಜದ ಮೇಲೆ ತಟತಟ ಅಂತ ಬಡಿಯುತ್ತಿತ್ತು.

"ನೀನ ಇಳಸ್ತೀ. ವಿಮಾನ ನೋಡು, ನನ್ನ ನೋಡಬ್ಯಾಡ. ದೊಡ್ಡ ಸುತ್ತು ಹಾಕು. ಜಾಲಿ ಗಿಡದ ಮ್ಯಾಲಿಂದ ತಾ. ಹಾಂ. ಹಂಗ. ಇನ್ನ ಸ್ವಲ್ಪ ಬಾಲ."

ಜಾಲಿ ಗಿಡ ದಾಟಿತು. ಹೊಲದ ಅಂಚಿಗೆ ಕುರಿ ಮೇಯಿಸುತ್ತಿದ್ದ ಯಮನೂರಮ್ಮ ಕುರಿಗಳನ್ನು ಬಿಟ್ಟು ಓಡಿದಳು. ವಿಮಾನ ಓರೆಯಾಗಿಯೇ ಬಂತು, ಒಂದು ಗಾಲಿ ಮೊದಲು ಮುಟ್ಟಿತು, ಪುಟಿಯಿತು, ಬದಿಗೆ ಸರಿದು ಬದುವಿಗೆ ಮೂಗು ಕೊಟ್ಟು ನಿಂತಿತು. ಪ್ರೊಪೆಲ್ಲರ್ ಮುರಿಯಿತು. ಬೇರೇನೂ ಇಲ್ಲ. ಯಾರಿಗೂ ಏನೂ ಆಗಲಿಲ್ಲ.

ಅಪ್ಪ ಹೋಗಿ ಎಡರೆಕ್ಕೆ ಬಿಚ್ಚಿದರು. ಕಾಕಾ ಬೋಲ್ಟು ಹಿಡಿದರು. ಕನೆಕ್ಟರ್ ನನ್ನ ಮುಂದೆ ತಂದಿಟ್ಟರು. ಕ್ಲಿಪ್ಪು ಗಟ್ಟಿಯಾಗಿಯೇ ಹಿಡಿದಿತ್ತು. ಒಳಗೆ ಬಿಳಿ ವೈರಿನ ಪಿನ್ನು ಹಿಂದಕ್ಕೆ ಸರಿದಿತ್ತು. ಅದನ್ನು ಹಿಡಿದಿಡುವ ಪ್ಲಾಸ್ಟಿಕ್ಕಿನ ನಾಲಗೆ ಮುರಿದಿತ್ತು. ಮುರಿದದ್ದು ನಾನೇ. ಈ ತಿಂಗಳು ಎಷ್ಟು ಸಲ ಬಿಚ್ಚಿ ಹಾಕಿದೆನೋ. ಕ್ಲಿಪ್ಪು ನೋಡಿದೆ, ಒಳಗಿನ ಪಿನ್ನು ನೋಡಲಿಲ್ಲ. ಇಲ್ಲದ ತಪ್ಪು ಹುಡುಕುತ್ತ ಇರುವ ತಪ್ಪು ಮಾಡಿಟ್ಟೆ.

ಬೈಯುತ್ತಾರೆ ಅಂದುಕೊಂಡೆ.

"ನೀ ಎರಡಕ್ಕೂ ಬ್ಯಾರೆ ಬ್ಯಾರೆ ವೈರ್ ಹಾಕಿದ್ದಿ" ಎಂದರು. "ಇಲ್ಲಂದ್ರ ಬಲಗಡೆದೂ ಹೋಗತಿತ್ತು. ಆಗ ಯಾರ ಕೈಲಿದ್ರೂ ಅಷ್ಟ."

"ನಾಳೆ ಬ್ಯಾಡಪ್ಪಾ."

"ಬ್ಯಾಡ" ಎಂದರು. ತಡವರಿಸಲಿಲ್ಲ. "ಫೋನ್ ಹಚ್ಚು ನಿಮ್ಮ ಪ್ರಿನ್ಸಿಪಾಲರಿಗೆ. ನಾ ಮಾತಾಡ್ತೀನಿ."

ಈಗ ಅಲ್ಲಿ ಬದುವಿನ ಮೇಲೆ ನಿಂತು ಮಾತಾಡುತ್ತಿದ್ದಾರೆ. ಅರ್ಧರ್ಧ ಕೇಳುತ್ತಿದೆ. "…ಇಲ್ರೀ ಸರ್, ತೋರಸ್ತೀವಿ, ಹಾರಸಂಗಿಲ್ಲ… ಇಲ್ರೀ… ಮಕ್ಕಳ ಮ್ಯಾಲಿಂದ ಬ್ಯಾಡ್ರೀ…"


ಜನವರಿ 25. ಲಿಂಗಸುಗೂರು, ಸಂಜೆ

ಪ್ರಿನ್ಸಿಪಾಲರ ಮುಖ ಗಂಟು. ಇರಲಿ.

ವಿಮಾನವನ್ನು ಸುಣ್ಣದ ಗೆರೆಯ ಈಚೆಗೆ, ಮೇಜಿನ ಮೇಲೆ ಇಟ್ಟೆವು. ಪ್ರೊಪೆಲ್ಲರ್ ಇಲ್ಲದ ಮೂಗು. ಮಕ್ಕಳು ಸಾಲುಗಟ್ಟಿ ಬಂದರು. ನಾನು ರೆಕ್ಕೆಯ ಮುಚ್ಚಳ ತೆಗೆದು ವೈರು ತೋರಿಸಿದೆ. ಜುಲ್ಫಿಕರ್ ಕಾಕಾ ತೂಕ, ಗಾಳಿ, ಲೆಕ್ಕ ವಿವರಿಸಿದರು. ಅಪ್ಪ ರಿಮೋಟ್ ಹಿಡಿದು ಕೂತಿದ್ದರು. ಪಟ್ಟಿ ಮೇಲೆ ಕೆಳಗೆ ಆಡಿಸಿ ತೋರಿಸಿದರು. ಮಕ್ಕಳು ಚಪ್ಪಾಳೆ ಹೊಡೆದರು. ಆಮೇಲೆ ಹೆಬ್ಬೆರಳನ್ನು ಕಡ್ಡಿಯ ಮೇಲೆ ಸುಮ್ಮನೆ ಇಟ್ಟರು, ರೆಕ್ಕೆ ಗಡಗಡ ಅಂದಿತು.

ಎರಡು ಜಡೆಯ ಹುಡುಗಿಯೊಬ್ಬಳು ಬಗ್ಗಿ ನೋಡಿದಳು. ಅಂಗಿಯ ಬಿಲ್ಲೆಯಲ್ಲಿ ಅಂಜುಮ್ ಎಂದಿತ್ತು.

"ಅಜ್ಜಾರ, ಇದ್ಯಾಕ ನಡಗಾಕತ್ತೈತ್ರೀ?"

ಕಾಕಾ ಥಟ್ಟನೆ, "ಅದು ವೈರಿಂಗದಾಗ ಸ್ವಲ್ಪ…" ಎಂದರು.

"ಇಲ್ಲ ಮಾಸ್ತರ್" ಎಂದರು ಅಪ್ಪ. ಕಾಕಾನ ಕಡೆ ನೋಡಲಿಲ್ಲ, ಹುಡುಗಿಯ ಕಡೆಯೇ ನೋಡಿದರು. "ವೈರ್ ಚಲೋ ಅದಾವ. ನನ್ನ ಮಗಳು ಮಾಡೇಳ. ನಡಗೂದು ನನ್ನ ಕೈ ತಂಗಿ. ನೋಡಿಲ್ಲೆ." ಕೈ ಎತ್ತಿ ಹಿಡಿದರು.

ಹುಡುಗಿ ನೋಡಿದಳು. ನೋಡಿ, "ನೋಯತೈತೇನ್ರೀ?" ಎಂದಳು.

ಅಪ್ಪನಿಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಇಲ್ಲವಾ" ಎಂದರು. "ನೋಯಂಗಿಲ್ಲ. ನಾಚಿಕಿ ಬರತೈತಿ ಅಷ್ಟ."


ಜನವರಿ 30. ರಾಯಚೂರು, ಆಸ್ಪತ್ರೆ

ಡಾಕ್ಟರು ಕೈ ಚಾಚಿಸಿ ನೋಡಿದರು, ನಡೆಸಿ ನೋಡಿದರು, ಬೆರಳು ಬಡಿಸಿ ನೋಡಿದರು. ಕಾಯಿಲೆಯ ಹೆಸರು ಹೇಳಿದರು. ವಾಸಿಯಾಗುವಂಥದ್ದಲ್ಲ, ಆದರೆ ಹಿಡಿತದಲ್ಲಿಡಬಹುದು. ಗುಳಿಗೆ ಶುರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ಕೇಳಿದ್ದು ಒಂದೇ: "ಹಾರಸಬಹುದೇನ್ರೀ?" ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ವಿವರಿಸಿದೆ. ಅವರು ನಕ್ಕು, "ಇಳಸೂದು ಬ್ಯಾರೆಯವರಿಗೆ ಬಿಡ್ರಿ" ಎಂದರು.

ವಾಪಸ್ ಬರುವಾಗ ಸಿಂಧನೂರಿನ ಹತ್ತಿರ ಅಪ್ಪ, "ಆ ಕನೆಕ್ಟರ್ ಕಂಪನಿ ಬದಲಿ ಮಾಡು" ಎಂದರು.


ಫೆಬ್ರವರಿ 16, ಭಾನುವಾರ. ಪಾಮನಕಲ್ಲೂರು, ಬೆಳಿಗ್ಗೆ

ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಹೊಸ ಪ್ರೊಪೆಲ್ಲರ್. ಎಲ್ಲ ಕನೆಕ್ಟರ್ ಹೊಸವು. ಒಂದೊಂದು ಪಿನ್ನನ್ನೂ ಎಳೆದು ನೋಡಿದ್ದೇನೆ. ಎಡದ್ದು ಎರಡು ಸಲ. ಇನ್ನೊಮ್ಮೆ ನೋಡಬೇಕು ಅನ್ನಿಸುತ್ತಿದೆ, ನೋಡಬಾರದು, ನೋಡಿ ನೋಡಿಯೇ ಮುರಿದದ್ದು. ರಾತ್ರಿ ಕನಸಲ್ಲೂ ಅದೇ ಜಾಲಿ ಗಿಡ.

ಎಂಜಿನ್ ಹೊತ್ತಿತು. ಜುಲ್ಫಿಕರ್ ಕಾಕಾ ಬಾಲ ಹಿಡಿದು ಕೂತಿದ್ದಾರೆ. ಕುರಿಯವರನ್ನು ಆಚೆ ಕಳಿಸಿದೆವು. ಗಾಳಿ ಬಿದ್ದಿದೆ.

ಅಪ್ಪ ಹೊಲದ ನಡುವೆ ನಿಂತು ಕೈ ಎತ್ತಿ ಕರೆಯುತ್ತಿದ್ದಾರೆ. ಬಲಗೈ. ನಡುಗುವುದು ಇಷ್ಟು ದೂರಕ್ಕೂ ಕಾಣುತ್ತದೆ. ಮರೆಮಾಡುತ್ತಿಲ್ಲ. ಇಳಿಸುತ್ತಲೂ ಇಲ್ಲ. ಬಂದೆ ಅಂತ ನಾನೂ ಕೈ ಎತ್ತಿ, ಪುಸ್ತಕ ಮುಚ್ಚುತ್ತಿದ್ದೇನೆ.